ದರಕಿನ ಹಾಸಿಗೆ ಮೇಲೆ ಮಕ್ಕಳನ್ನು ಮಲಗಿಸಬೇಡಿ

ಮಾನ್ಯ ಸಂಪಾದಕರೇ,

ಹೋದ ಭಾನುವಾರ ನಿಮ್ಮ ಪತ್ರಿಕೆಯಲ್ಲಿ ಒಂದು ಫೋಟೊ ಬಂದಿತ್ತು. ಯಾವುದೋ ಯುವಕ ಸಂಘದ ಮಕ್ಕಳು ಕಾಡಿನಲ್ಲಿ ಒಂದು ರಾತ್ರಿ ಕಳೆದದ್ದು. ನಾಲ್ಕು ಹುಡುಗರು ಒಣ ಎಲೆ ರಾಶಿಯ ಮೇಲೆ ಸಾಲಾಗಿ ಮಲಗಿ, ಹೆಬ್ಬೆರಳು ಎತ್ತಿ ನಗುತ್ತಿದ್ದರು. ಪ್ರಕೃತಿಯೇ ಹಾಸಿಕೊಟ್ಟ ಹಾಸಿಗೆ ಅಂತ ಕೆಳಗೆ ಒಂದು ಸಾಲು ಬೇರೆ. ಮಕ್ಕಳ ನಗು ಚೆನ್ನಾಗಿತ್ತು. ನನ್ನ ಕಣ್ಣು ಹೋಗಿದ್ದು ಮಾತ್ರ ಆ ಎಲೆಗಳ ಮೇಲೆ. ಅದರಲ್ಲೂ ಒಬ್ಬ ಹುಡುಗ ಅರ್ಧ ಚಡ್ಡಿ ಹಾಕಿದ್ದ.

ಊರಿನ ಹೆಸರು ಬರೆದಿರಲಿಲ್ಲ. ಮಲೆನಾಡಿನ ಕಾಡು, ಜನವರಿ ತಿಂಗಳು ಅಂತಷ್ಟೇ ಇತ್ತು. ನನಗೆ ಅಷ್ಟು ಸಾಕಾಯಿತು. ನಮ್ಮ ಕಡೆ ಜನವರಿಯ ಒಣ ಎಲೆ ಅಂದರೆ ಮಂಗನ ಕಾಯಿಲೆಯ ಭಯ. ಪತ್ರಿಕೆ ಮಡಚಿಟ್ಟು ಆ ದಿನ ಬೇರೆ ಕೆಲಸ ಮಾಡಲು ಆಗಲಿಲ್ಲ.

ನಾನು ಸಾಗರ ತಾಲ್ಲೂಕಿನ ಕರೂರು ಹೋಬಳಿಯವಳು, ಶರಾವತಿ ಹಿನ್ನೀರಿನ ಆಚೆ ದಡ. ಮೂವತ್ತೊಂದು ವರ್ಷ ಆರೋಗ್ಯ ಉಪಕೇಂದ್ರದಲ್ಲಿ ಎಎನ್‌ಎಂ, ಅಂದರೆ ಹಳ್ಳಿಯ ನರ್ಸ್ ಆಗಿದ್ದೆ. ಈಗ ನಿವೃತ್ತಿ. ಒಂದೆಕರೆ ಅಡಿಕೆ ತೋಟ, ಎರಡು ದನ. ಊರಿನವರಿಗೆ ಇನ್ನೂ ನರ್ಸಮ್ಮನೇ. 2018ರ ಡಿಸೆಂಬರ್‌ನಲ್ಲಿ ಅರಳಗೋಡಿನ ಕಡೆ ಮಂಗನ ಕಾಯಿಲೆ ಎದ್ದಾಗ ನನ್ನನ್ನೂ ಅಲ್ಲಿಗೆ ಡ್ಯೂಟಿಗೆ ಹಾಕಿದ್ದರು. ಮನೆ ಮನೆಗೆ ಹೋಗಿ ಜ್ವರ ಇದೆಯಾ ಕೇಳುವುದು, ಎಣ್ಣೆ ಬಾಟಲಿ ಕೊಡುವುದು, ಜ್ವರ ಬಂದವರನ್ನು ಮಣಿಪಾಲದ ಆಂಬುಲೆನ್ಸ್ ಹತ್ತಿಸುವುದು. ಹತ್ತಿಸಿದವರಲ್ಲಿ ಎಲ್ಲರೂ ವಾಪಸ್ ಬರಲಿಲ್ಲ. ಅದರ ಬಗ್ಗೆ ಇಷ್ಟೇ ಸಾಕು.

ಈ ಕಾಯಿಲೆ ನಮಗೆ ಹೊಸದಲ್ಲ. ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಪತ್ತೆಯಾಗಿದ್ದು, ಕೆಎಫ್‌ಡಿ (ಕ್ಯಾಸನೂರು ಫಾರೆಸ್ಟ್ ಡಿಸೀಸ್) ಅನ್ನುವ ಹೆಸರಿನಲ್ಲಿ ಆ ಊರೇ ಇದೆ. ಹರಡುವುದು ಉಣುಗಿನಿಂದ. ಪೇಟೆಯವರು ಉಣ್ಣೆ ಅನ್ನುತ್ತಾರೆ. ದನದ ಮೈಮೇಲಿನ ದಪ್ಪ ಉಣುಗು ಎಲ್ಲರೂ ನೋಡಿರುತ್ತಾರೆ. ಜನರಿಗೆ ಜಾಸ್ತಿ ಕಚ್ಚುವುದು ಅದಲ್ಲ, ಮರಿ ಉಣುಗು. ಸಾಸಿವೆಗಿಂತ ಚಿಕ್ಕದು. ಹಾರುವುದಿಲ್ಲ, ನೆಗೆಯುವುದಿಲ್ಲ. ಒಣ ಎಲೆಯ ಅಡಿ ಸುಮ್ನೆ ಕಾದು ಕೂತಿರುತ್ತದೆ, ಮೈ ತಾಗಿದರೆ ಹತ್ತಿಕೊಳ್ಳುತ್ತದೆ. ಮಳೆ ಹೋಗಿ ಎಲೆ ಉದುರಿದ ಮೇಲೆ, ನವೆಂಬರ್ ಡಿಸೆಂಬರ್‌ನಿಂದ ಮೇವರೆಗೂ ಅದರದೇ ಕಾಲ. ಆ ಒಣ ಎಲೆಗೆ ನಮ್ಮ ಕಡೆ ದರಕು ಅನ್ನುತ್ತೇವೆ. ಕೊಟ್ಟಿಗೆಗೆ ಹಾಕಲು ಹೆಂಗಸರು ಬೆಟ್ಟದಲ್ಲಿ ದರಕು ಗುಡಿಸಿ ಹೊತ್ತು ತರುತ್ತಾರೆ. ಕಾಯಿಲೆ ಬಂದವರ ಪಟ್ಟಿ ಬರೆಯುವಾಗ 'ಕಾಡಿಗೆ ಹೋಗಿದ್ದಿರಾ' ಅಂತ ಕೇಳಿದರೆ ಎಷ್ಟೋ ಸಲ ಬರುತ್ತಿದ್ದ ಉತ್ತರ ಒಂದೇ: 'ಇಲ್ಲ ನರ್ಸಮ್ಮ, ದರಕು ತರೋಕೆ ಹೋಗಿದ್ದೆ ಅಷ್ಟೇ.'

ಇನ್ನು ನಮ್ಮೂರಿನ ಕಥೆ. ಇದೇ ಜನವರಿಯ ಎರಡನೇ ಶನಿವಾರದ್ದು. ಸಂಘದ ಹೆಸರು ಬರೆಯುವುದಿಲ್ಲ. ಅವರು ಕೆಟ್ಟವರಲ್ಲ, ಗೊತ್ತಿಲ್ಲದವರು.

2025ರ ಜುಲೈನಲ್ಲಿ ಸಿಗಂದೂರು ಸೇತುವೆ ಶುರುವಾಯಿತಲ್ಲ, ಆಮೇಲೆ ನಮ್ಮ ಕಡೆ ಬರುವವರು ಜಾಸ್ತಿ ಆಗಿದ್ದಾರೆ. ಮೊದಲು ಹಿನ್ನೀರು ದಾಟಿಸುವ ಲಾಂಚ್‌ನ ಕೊನೆ ಟ್ರಿಪ್ ಹೋಯಿತು ಅಂದರೆ ನಾವು ದ್ವೀಪದಲ್ಲಿ ಇದ್ದಹಾಗೆ. ಆ ದಿನ ಮಧ್ಯಾಹ್ನ ಮೂರು ಗಂಟೆಗೆ ಒಂದು ಮಿನಿ ಬಸ್ ಬಂತು. ಇಪ್ಪತ್ತೆಂಟು ಮಕ್ಕಳು, ಹದಿಮೂರರಿಂದ ಹದಿನೇಳು ವರ್ಷದವರು, ಹುಡುಗಿಯರೂ ಇದ್ದರು. ನೋಡಿಕೊಳ್ಳಲು ಮೂರು ಜನ, ಅವರೂ ಇಪ್ಪತ್ತೈದರ ಒಳಗಿನವರೇ. ನೀರು ತುಂಬಿಸಿಕೊಳ್ಳಲು ನಮ್ಮ ಅಂಗಳಕ್ಕೆ ಬಂದರು. ಒಬ್ಬೊಬ್ಬರ ಕೈಯಲ್ಲೂ ಹಗ್ಗ ಹೆಣೆದ ಬಳೆ, ಸೊಂಟದಲ್ಲಿ ಚಾಕು, ಕೊರಳಲ್ಲಿ ಬೆಂಕಿ ಕಿಡಿ ಹೊಡೆಯುವ ಸಲಾಕೆ. ಮೊಬೈಲ್ ಎಲ್ಲ ಬಸ್ಸಿನಲ್ಲೇ ಇಡಿಸಿದ್ದರು. ರಾತ್ರಿ ಎಲ್ಲಿ ಮಲಗುತ್ತೀರಿ ಅಂತ ಕೇಳಿದೆ. 'ಶೆಲ್ಟರ್ ನಾವೇ ಕಟ್ಟಿಕೊಳ್ಳೋದು ಆಂಟಿ, ಸರ್ವೈವಲ್ ಕ್ಯಾಂಪು' ಅಂದಳು ಒಬ್ಬ ಹುಡುಗಿ. ಕಣ್ಣಲ್ಲಿ ಅಷ್ಟು ಖುಷಿ.

ಮುಂದಾಳು ಹುಡುಗನನ್ನು ಕರೆದು, ಫಾರೆಸ್ಟ್‌ನವರಿಗೆ ಹೇಳಿದ್ದೀರಾ ಅಂದೆ. ಬೆಟ್ಟದ ಯಜಮಾನರು ಒಪ್ಪಿದ್ದಾರೆ ಅಂದ. ಅದು ಸೊಪ್ಪಿನ ಬೆಟ್ಟ. ತೋಟದವರಿಗೆ ಅಲ್ಲಿ ಸೊಪ್ಪು, ದರಕು ತರುವ ಹಕ್ಕಿದೆಯೇ ಹೊರತು ಇಪ್ಪತ್ತೆಂಟು ಮಕ್ಕಳನ್ನು ಮಲಗಿಸುವ ಹಕ್ಕಲ್ಲ. ಆಸ್ಪತ್ರೆಗೆ ತಿಳಿಸಿದ್ದೀರಾ ಅಂದೆ. ಯಾಕೆ ಅಂದ. ಡಿಸೆಂಬರ್ ಕೊನೆಯಲ್ಲಿ ಅಲ್ಲಿಂದ ಮೂರು ಕಿಲೋಮೀಟರ್ ಆಚೆ ಒಂದು ಮಂಗ ಸತ್ತು ಬಿದ್ದಿತ್ತು. ಮಂಗ ಸತ್ತರೆ ಅದರ ಮೈಮೇಲಿದ್ದ ಉಣುಗು ಸುತ್ತ ಹರಡುತ್ತದೆ ಅಂತ ಇಲಾಖೆಯವರು ಬಂದು ಔಷಧಿ ಪುಡಿ ಹೊಡೆದು ಹೋಗಿದ್ದರು. ಊರಿನ ಚಿಕ್ಕ ಮಕ್ಕಳಿಗೂ ಗೊತ್ತಿದ್ದ ಸುದ್ದಿ. ಅವನಿಗೆ ಹೇಳಿದೆ. ಉಣುಗು ಹತ್ತದಂತೆ ಮೈಗೆ ಹಚ್ಚುವ ಡೇಪಾ ಎಣ್ಣೆ ಇದೆ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಕೊಡುತ್ತಾರೆ, ತರಿಸಿಕೊಡುತ್ತೇನೆ ಅಂದೆ. 'ನಾವು ನ್ಯಾಚುರಲ್ ಆಗಿ ಮಾಡ್ತಾ ಇದ್ದೀವಿ ಆಂಟಿ. ಈ ಮಕ್ಕಳನ್ನ ಹಿಮಾಲಯಕ್ಕೆ ರೆಡಿ ಮಾಡ್ತಿರೋದು' ಅಂದ.

ಹಿಮಾಲಯದ ಮಾತು ಬಂದಾಗ ನನಗೆ 2024ರ ಜೂನ್ ನೆನಪಾಯಿತು. ಉತ್ತರಾಖಂಡದ ಸಹಸ್ರತಾಲ್ ಹಾದಿಯಲ್ಲಿ ನಮ್ಮ ರಾಜ್ಯದಿಂದ ಹೋದ ತಂಡದ ಒಂಬತ್ತು ಜನ ಹಿಮಗಾಳಿಗೆ ಸಿಕ್ಕಿ ತೀರಿಕೊಂಡರು. ಅನುಭವ ಇಲ್ಲದವರೇನಲ್ಲ ಅವರು. ಅಲ್ಲಿಯ ಭಯ ಚಳಿಯದು, ಅಲ್ಲಿ ಮೈ ಬೆಚ್ಚಗಿಡುವುದನ್ನು ಕಲಿಯಬೇಕು. ಇಲ್ಲಿಯ ಭಯ ನೆಲದ ಮೇಲಿನ ಎಲೆಯದು. ಇದನ್ನೆಲ್ಲ ಅವನಿಗೆ ಹೇಳಲಿಲ್ಲ. ಹೇಳಬೇಕಿತ್ತು. ಗಟ್ಟಿಯಾಗಿ ಜಗಳ ಆಡಿಯಾದರೂ ನಿಲ್ಲಿಸಬೇಕಿತ್ತು. ದೊಡ್ಡಬಾಯಿ ನರ್ಸಮ್ಮ ಅನ್ನಿಸಿಕೊಳ್ಳುವುದು ಬೇಡ ಅಂತ ಸುಮ್ಮನಾದೆ. ಆ ತಪ್ಪು ನನ್ನದು.

ರಾತ್ರಿ ಹನ್ನೊಂದೂವರೆಗೆ ಬಾಗಿಲು ಬಡಿದರು. ಅದೇ ಮುಂದಾಳು ಹುಡುಗ. ಸೌದೆ ತರಲು ಹೋದ ಇಬ್ಬರು ಹುಡುಗರು ವಾಪಸ್ ಬಂದಿಲ್ಲ, ಎರಡು ತಾಸಿನಿಂದ ಹುಡುಕುತ್ತಿದ್ದೇವೆ ಅಂದ. ತುಟಿ ಒಣಗಿಹೋಗಿತ್ತು. ನನ್ನ ಮೈದುನ, ಪಕ್ಕದ ಮನೆಯ ಅಪ್ಪ ಮಗ, ಇನ್ನೊಬ್ಬರು, ನಾಲ್ಕು ಜನ ತಲೆ ಬ್ಯಾಟರಿ ಕಟ್ಟಿಕೊಂಡು ಹೊರಟರು. ಬೆಟ್ಟದ ನೆತ್ತಿಗೆ ಹೋಗಿ ಕೂ ಹಾಕಿದರು.

ಕೂ ಅಂದರೆ ಪೇಟೆಯವರಿಗೆ ಗೊತ್ತಾಗಲಿಕ್ಕಿಲ್ಲ. ಬಾಯಿಗೆ ಅಂಗೈ ಅಡ್ಡ ಹಿಡಿದು ಉದ್ದಕ್ಕೆ ಕೂಗುವುದು. ಮೊದಲು ಫೋನ್ ಇಲ್ಲದಾಗ ಆಚೆ ಗುಡ್ಡದ ಮನೆಯವರನ್ನು ಕರೆಯುತ್ತಿದ್ದದ್ದೇ ಹಾಗೆ. ಒಬ್ಬೊಬ್ಬರ ಕೂ ಒಂದೊಂದು ತರ, ಕೇಳಿದ ಕೂಡಲೇ ಯಾರು ಅಂತ ಗೊತ್ತಾಗುತ್ತದೆ. ಒಂದು ಕೂ ಬಂದರೆ ತಿರುಗಿ ಒಂದು ಕೂ ಕೊಡಬೇಕು, ಅದು ಮರ್ಯಾದೆ. ಕೂಗಳತೆ ದೂರ ಅಂತ ನಾವು ಅಳತೆ ಹೇಳುವುದು ಸುಮ್ನೆ ಅಲ್ಲ.

ಆ ರಾತ್ರಿ ತಿರುಗಿ ಕೂ ಬರಲಿಲ್ಲ. ಸಿಕ್ಕಿದ್ದು ಒಂದು ಮುಕ್ಕಾಲಿಗೆ, ಹಿನ್ನೀರಿನ ಅಂಚಿನಲ್ಲಿ. ನೀರು ಇಳಿದು ಬಿಟ್ಟುಹೋದ ಕೆಸರಿನಲ್ಲಿ ಮೊಣಕಾಲವರೆಗೆ ಹೂತು, ಒಂದು ಒಣ ಮರದ ಬೊಡ್ಡೆ ತಬ್ಬಿಕೊಂಡು ನಿಂತಿದ್ದರು. ಒಬ್ಬನ ಶೂ ಕೆಸರಿನಲ್ಲೇ ಉಳಿಯಿತು, ಇವತ್ತಿಗೂ ಅಲ್ಲೇ ಇದೆ. ಅಲ್ಲಿಗೆ ಹೇಗೆ ಹೋದಿರಿ ಮಾರಾಯ್ರಾ ಅಂತ ಮೈದುನ ಕೇಳಿದರೆ, ದಾರಿ ತಪ್ಪಿದರೆ ಹಳ್ಳದ ಜಾಡು ಹಿಡಿದು ಕೆಳಗೆ ಇಳಿಯಬೇಕು, ಊರು ಸಿಗುತ್ತದೆ ಅಂತ ಬೆಳಿಗ್ಗೆ ಪಾಠ ಮಾಡಿದ್ದರಂತೆ. ಪಾಠ ಸರಿ. ನಮ್ಮಲ್ಲೂ ಹಳ್ಳ ಇಳಿದರೆ ಊರು ಸಿಗುತ್ತದೆ. ಆದರೆ ಆ ಊರು 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗಲೇ ಮುಳುಗಿದೆ. ಅವರು ತಬ್ಬಿಕೊಂಡಿದ್ದ ಬೊಡ್ಡೆ ಆ ಕಾಲದ್ದೇ.

ಕೂ ಕೇಳಿಸಲಿಲ್ಲವಾ ಅಂದರೆ, 'ಕೇಳಿಸ್ತು ಅಂಕಲ್, ಯಾವುದೋ ಪ್ರಾಣಿ ಅಂದುಕೊಂಡು ಇನ್ನೂ ಜೋರಾಗಿ ಓಡಿದ್ವಿ' ಅಂದರು. ಮೈದುನ ಇದನ್ನು ಊರಿಡೀ ಹೇಳಿಕೊಂಡು ನಗುತ್ತಾನೆ. ನನಗೂ ಈಗ ನಗು ಬರುತ್ತದೆ. ಆಗ ಬಂದಿರಲಿಲ್ಲ.

ನನ್ನ ಅಜ್ಜಿ ಒಂದು ಮಾತು ಹೇಳುತ್ತಿದ್ದಳು. ಕಾಡಿನಲ್ಲಿ ದಾರಿ ತಪ್ಪಿಸುವ ಬಳ್ಳಿ ಒಂದಿದೆ, ಅದನ್ನು ದಾಟಿದವರಿಗೆ ದಿಕ್ಕು ತಿಳಿಯುವುದಿಲ್ಲ, ಸುತ್ತಿ ಸುತ್ತಿ ಅಲ್ಲಿಗೇ ಬರುತ್ತಾರೆ. ಅದಕ್ಕೆ ಏನು ಮಾಡಬೇಕು ಅಂದರೆ, ಇದ್ದಲ್ಲೇ ಕೂತು ಒಂದು ಕವಳ ಹಾಕಬೇಕು. ಎಲೆ ಅಡಿಕೆ ನಿಧಾನಕ್ಕೆ ಅಗಿದು ಉಗಿದು ಎದ್ದರೆ ದಾರಿ ಕಾಣುತ್ತದೆ. ಬಳ್ಳಿಯನ್ನು ನಾನು ನಂಬುವುದಿಲ್ಲ. ಮದ್ದನ್ನು ನಂಬುತ್ತೇನೆ. ಹೆದರಿದವರು ನಡೆಯಬಾರದು, ಕೂರಬೇಕು. ಆ ಇಬ್ಬರು ಮಕ್ಕಳು ದಾರಿ ತಪ್ಪಿದ ಜಾಗದಲ್ಲೇ ಕೂತಿದ್ದರೆ ಹತ್ತು ಗಂಟೆಗೇ ಸಿಗುತ್ತಿದ್ದರು. ಅವರು ತಪ್ಪಿಸಿಕೊಂಡಿದ್ದು ಶಿಬಿರದಿಂದ ಬರೀ ಮುನ್ನೂರು ಮಾರು ದೂರದಲ್ಲಿ.

ಇಷ್ಟಾದ ಮೇಲೆ ಎಲ್ಲರನ್ನೂ ಕೆಳಗೆ ಕರೆಸಿಕೊಂಡೆವು. ಕೆಲವರು ನಮ್ಮ ಜಗಲಿಯಲ್ಲಿ, ಕೆಲವರು ಪಕ್ಕದ ಮನೆಯ ಅಡಿಕೆ ಅಟ್ಟದ ಕೆಳಗೆ ಮಲಗಿದರು. ಆದರೆ ಅಷ್ಟೊತ್ತಿಗೆ ದರಕಿನ ಹಾಸಿಗೆ ಮೇಲೆ ಅವರು ಮೂರ್ನಾಲ್ಕು ಗಂಟೆ ಹೊರಳಾಡಿ ಆಗಿತ್ತು. ಒಳ್ಳೆ ದಪ್ಪ ಹಾಸಿಗೆಯಂತೆ, ಒಂದು ಗೇಣು ಎತ್ತರ. ಹಾಸಿಗೆ ಎಷ್ಟು ದಪ್ಪ ಮಾಡಿದರೆ ಅಷ್ಟು ಪಾಯಿಂಟ್ ಅಂತ ಸ್ಪರ್ಧೆ ಇಟ್ಟಿದ್ದರು.

ಬೆಳಿಗ್ಗೆ ಏಳಕ್ಕೆ ಬಚ್ಚಲ ಹಂಡೆಗೆ ಬೆಂಕಿ ಹಾಕಿದೆ. ಹುಡುಗಿಯರನ್ನು ನಾನು, ಹುಡುಗರನ್ನು ನಮ್ಮ ಊರಿನ ಆಶಾ ಕಾರ್ಯಕರ್ತೆಯ ಗಂಡ, ಒಬ್ಬೊಬ್ಬರನ್ನೇ ನೋಡಿದೆವು. ಕಿವಿಯ ಹಿಂದೆ, ಕಂಕುಳು, ಸೊಂಟದ ಎಲಾಸ್ಟಿಕ್ ಕೂರುವ ಜಾಗ, ಮೊಣಕಾಲಿನ ಹಿಂದಿನ ಮಡಿಕೆ. ಉಣುಗಿಗೆ ಇಷ್ಟ ಆಗುವುದು ಈ ಜಾಗಗಳೇ. ನಿನ್ನೆ ಮಧ್ಯಾಹ್ನ ಖುಷಿಯಿಂದ ಮಾತಾಡಿದ್ದ ಹುಡುಗಿಯ ಸೊಂಟದ ಹತ್ತಿರ ಒಂದು ಕಪ್ಪು ಚುಕ್ಕೆ ಇತ್ತು. ಅದು ಮಚ್ಚೆ ಆಂಟಿ ಅಂದಳು. ಕನ್ನಡಕ ಹಾಕಿ ಬಗ್ಗಿ ನೋಡಿದೆ. ಮಚ್ಚೆಗೆ ಕಾಲಿದ್ದವು.

ಚಿಮಟದಲ್ಲಿ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು ನೇರ ಎಳೆಯಬೇಕು. ಉಗುರಿನಲ್ಲಿ ಹಿಸುಕಬಾರದು, ಸೀಮೆಎಣ್ಣೆ ಸುರಿಯಬಾರದು, ಊದುಬತ್ತಿ ಇಡಬಾರದು. ಬಿಳಿ ಬಟ್ಟೆ ಹಾಸಿ ಅದರ ಮೇಲೆ ಇಡುತ್ತಾ ಹೋದೆ. ಹನ್ನೊಂದು ಮಕ್ಕಳ ಮೈಮೇಲೆ ಸಿಕ್ಕವು, ಒಟ್ಟು ಹತ್ತೊಂಬತ್ತು. ಎಲ್ಲರ ಬಟ್ಟೆ ಕುದಿಯುವ ನೀರಿಗೆ ಹಾಕಿಸಿದೆ. ನನ್ನ ಹಳೆ ನೈಟಿ, ಮೈದುನನ ಲುಂಗಿ ಸುತ್ತಿಕೊಂಡು ಅಂಗಳದಲ್ಲಿ ಕೂತು ಅವಲಕ್ಕಿ ತಿಂದರು. ಚಾಕು, ಬಳೆ, ಸಲಾಕೆ ಎಲ್ಲ ಜಗಲಿ ಮೂಲೆಯಲ್ಲಿ ರಾಶಿ ಬಿದ್ದಿತ್ತು.

ಕಚ್ಚಿದ ಉಣುಗೆಲ್ಲ ಕಾಯಿಲೆ ತರುವುದಿಲ್ಲ. ಅದೃಷ್ಟ ಕೆಟ್ಟರೆ ಮೂರರಿಂದ ಎಂಟು ದಿನದಲ್ಲಿ ಜ್ವರ ಬರುತ್ತದೆ, ಒಮ್ಮೆಲೇ, ತಲೆ ಒಡೆದುಹೋಗುವಷ್ಟು ನೋವಿನ ಜೊತೆ. ಜಾಸ್ತಿ ಜನ ಗುಣ ಆಗುತ್ತಾರೆ. ನೂರರಲ್ಲಿ ಮೂರರಿಂದ ಐದು ಜನ ಆಗುವುದಿಲ್ಲ. ಇಪ್ಪತ್ತೆಂಟು ಮನೆಗಳ ಫೋನ್ ನಂಬರ್ ಬರೆದುಕೊಂಡೆ. ಹತ್ತು ದಿನ, ದಿನಾ ಸಂಜೆ ಫೋನ್ ಮಾಡಿದೆ. ಕೆಲವು ತಾಯಂದಿರು ಮೊದಲ ದಿನ ನನಗೇ ಬೈದರು, ಮಕ್ಕಳನ್ನು ಸುಮ್ನೆ ಹೆದರಿಸಿದ್ದೀರಿ ಅಂತ. ಆರನೇ ದಿನ ಒಬ್ಬ ಹುಡುಗನಿಗೆ ಜ್ವರ ಬಂತು. ಕೆಸರಿನಲ್ಲಿ ಶೂ ಬಿಟ್ಟವನೇ. ರಕ್ತ ಶಿವಮೊಗ್ಗದ ಲ್ಯಾಬ್‌ಗೆ ಹೋಯಿತು. ಎರಡು ದಿನ ನಾನು ಏನು ಉಂಡೆ, ದನಕ್ಕೆ ಏನು ಹಾಕಿದೆ ನೆನಪಿಲ್ಲ. ಫಲಿತಾಂಶ ನೆಗೆಟಿವ್ ಬಂತು. ಬರೀ ಶೀತದ ಜ್ವರ. ಸದ್ಯ.

ಇದನ್ನು ಓದಿ ಯಾರೂ ಶಿಬಿರಗಳನ್ನೇ ನಿಲ್ಲಿಸಿ ಅಂತ ಹೊರಡಬೇಡಿ. ನಮ್ಮ ಅಣ್ಣ ಹೈಸ್ಕೂಲಿನಲ್ಲಿ ಸ್ಕೌಟ್ ಆಗಿದ್ದ. ದಾವಣಗೆರೆ ಹತ್ತಿರದ ಕೊಂಡಜ್ಜಿ ಕ್ಯಾಂಪಿಗೆ ಹೋಗಿ ಬಂದು, ಗೂಟಕ್ಕೆ ಹಗ್ಗ ಕಟ್ಟುವ ಹೊಸ ಗಂಟು ಕಲಿತೆ ಅಂತ ಕರು ಕಟ್ಟಿ ತೋರಿಸಿದ. ಅಪ್ಪ ನೋಡಿ, 'ಇದು ನಾವು ದಿನಾ ಹಾಕೋ ಗಂಟೇ ಅಲ್ವಾ' ಅಂದರು. ಅಣ್ಣನ ಮುಖ ಸಪ್ಪಗಾಗಿದ್ದು ಇನ್ನೂ ಕಣ್ಣಮುಂದಿದೆ. ಆದರೆ ಆ ಕ್ಯಾಂಪಿನಿಂದ ಬಂದ ಮೇಲೆ ಅವನು ರಾತ್ರಿ ಹೊತ್ತು ಒಬ್ಬನೇ ತೋಟಕ್ಕೆ ಹೋಗಲು ಹೆದರುತ್ತಿರಲಿಲ್ಲ. ಅದು ಬೇಕು ಮಕ್ಕಳಿಗೆ.

ನನ್ನ ತಕರಾರು ಪಾಠದ ಬಗ್ಗೆ. ಸ್ಕೌಟ್ ಶುರುಮಾಡಿದ ಬೇಡನ್ ಪೊವೆಲ್ 1907ರಲ್ಲಿ ಹುಡುಗರನ್ನು ಕರೆದುಕೊಂಡು ಹೋಗಿದ್ದು ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪಕ್ಕೆ, ಆಗಸ್ಟ್ ತಿಂಗಳಲ್ಲಿ. ಅಲ್ಲಿಯ ಆಗಸ್ಟ್ ಬೇಸಿಗೆ, ನಮ್ಮ ಆಗಸ್ಟ್ ಜಡಿಮಳೆ. ಚಳಿ ದೇಶದ ಕಾಡಿನಲ್ಲಿ ನೆಲದ ಥಂಡಿ ಮೈಗೆ ಏರದಿರಲು ಎಲೆ ಹಾಸಿಕೊಳ್ಳಿ ಅನ್ನುವುದು ಬುದ್ಧಿವಂತಿಕೆ. ಅದೇ ಪಾಠವನ್ನು ಯೂಟ್ಯೂಬಿನಿಂದ ಎತ್ತಿ ತಂದು ಸಾಗರ, ಸೊರಬ, ಹೊಸನಗರ, ತೀರ್ಥಹಳ್ಳಿಯ ಬೆಟ್ಟದಲ್ಲಿ ಜನವರಿಯಲ್ಲಿ ಮಾಡಿಸಿದರೆ ಏನಾಗುತ್ತದೆ ಅನ್ನುವುದನ್ನು ನಾನು ಬಿಳಿ ಬಟ್ಟೆಯ ಮೇಲೆ ಎಣಿಸಿದ್ದೇನೆ. ಬೆಂಕಿಯೂ ಹಾಗೇ. ಮುಟ್ಟಿದರೆ ಮುರಿಯುವಷ್ಟು ಒಣಗಿದ ದರಕಿನ ನಡುವೆ ಕಿಡಿ ಹೊಡೆಯುವುದು ಸಾಹಸ ಅಲ್ಲ. ಕಾಡಿನಲ್ಲಿ ಬೆಂಕಿ ಹಾಕುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ. ನಮ್ಮ ಬೆಟ್ಟದ ಕೆಳಗೆ ಹನ್ನೆರಡು ಮನೆಗಳ ತೋಟ ಇದೆ. ಇನ್ನೊಂದು ವಿಷಯ, ಸೌದೆಗೆ ಅಂತ ಆ ಮಕ್ಕಳು ಕಡಿದ ರೆಂಬೆಗಳಲ್ಲಿ ಒಂದು ಹೊಳಗೇರಿನದು. ಅದರ ಹಾಲು ತಾಗಿದರೆ ಮೈಯೆಲ್ಲ ಬೊಕ್ಕೆ ಏಳುತ್ತದೆ. ಕಡಿದವನಿಗೆ ಎದ್ದಿತು, ಒಂದು ವಾರ ಪೆನ್ನು ಹಿಡಿಯಲು ಆಗಲಿಲ್ಲ ಅಂತ ಅವನ ತಾಯಿ ಫೋನಿನಲ್ಲಿ ಹೇಳಿದರು.

ಹಾಗಾದರೆ ಯಾವಾಗ ಮಾಡಬೇಕು ಅಂತ ಕೇಳಬಹುದು. ದಸರಾ ರಜೆಯಲ್ಲಿ ಮಾಡಿ. ಮಳೆ ಪೂರ್ತಿ ಹೋಗಿರುವುದಿಲ್ಲ, ನೆಲ ಹಸಿ, ಬೆಂಕಿಯ ಭಯವಿಲ್ಲ, ಉಣುಗಿನ ಕಾಲ ಇನ್ನೂ ಶುರುವಾಗಿರುವುದಿಲ್ಲ. ಉಂಬಳ, ಅಂದರೆ ಜಿಗಣೆ ಇರುತ್ತದೆ, ಕಾಲಿಗೆ ಬೇಕಾದಷ್ಟು ಹತ್ತುತ್ತದೆ. ಹತ್ತಲಿ. ಉಂಬಳ ರಕ್ತ ಕುಡಿದು ತಾನೇ ಬಿದ್ದು ಹೋಗುತ್ತದೆ, ಮಂಗನ ಕಾಯಿಲೆ ತರುವುದಿಲ್ಲ. ಸುಣ್ಣ, ಹೊಗೆಸೊಪ್ಪು, ಉಪ್ಪು, ಯಾವುದಾದರೂ ಒಂದು ಇದ್ದರೆ ಆಯಿತು. ಆ ಮುಂದಾಳು ಹುಡುಗನಿಗೆ ಇದನ್ನೇ ಹೇಳಿದೆ. 'ಮಳೆಯಲ್ಲಿ ಫೋಟೊ ಚೆನ್ನಾಗಿ ಬರಲ್ಲ ಆಂಟಿ' ಅಂದ. ಫೋಟೊ ಹಾಕುವವರು ನೀವು. ಅದಕ್ಕೇ ಈ ಪತ್ರ ನಿಮಗೆ ಬರೆಯುತ್ತಿರುವುದು.

ಬೇರೆ ಕಾಲದಲ್ಲಿ ಮಾಡಲೇಬೇಕು ಅಂದರೆ ದರಕು ಇರದ ಕಡೆ ಮಾಡಿ. ಗುಡಿಸಿದ ಅಂಗಳವೋ ಕೊಯ್ಲಾದ ಗದ್ದೆಯೋ ಆಗಬಹುದು. ಅಲ್ಲೂ ನಕ್ಷತ್ರ ಕಾಣುತ್ತದೆ. ಊರಿನ ಒಬ್ಬರನ್ನು ಜೊತೆಗೆ ಕರೆದುಕೊಳ್ಳಿ, ಅವರಿಗೆ ಸರಿಯಾಗಿ ಸಂಬಳ ಕೊಡಿ, ಚಾಕು ಮಾರುವವನಿಗೆ ಕೊಡುವುದರಲ್ಲಿ ಅರ್ಧ ಸಾಕು. ಯಾವ ಹಳ್ಳ ಎಲ್ಲಿಗೆ ಹೋಗುತ್ತದೆ ಅಂತ ಅವರಿಗೆ ಗೊತ್ತಿರುತ್ತದೆ. ಮಂಗ ಎಲ್ಲಿ ಸತ್ತಿದೆ ಅನ್ನುವುದೂ ಗೊತ್ತಿರುತ್ತದೆ.

ಮಚ್ಚೆ ಹುಡುಗಿ ಮೊನ್ನೆ ಅವಳಾಗಿಯೇ ಫೋನ್ ಮಾಡಿದ್ದಳು. ಆಂಟಿ ಹೋಗಿ ಈಗ ಅಮ್ಮ ಆಗಿದೆ. 'ಅಮ್ಮ, ದಸರಾಕ್ಕೆ ನಾವು ಐದು ಜನ ಬರ್ತೀವಿ, ಕೂ ಹಾಕೋದು ಕಲಿಸ್ತೀರಾ? ಉಪ್ಪು ತರಬೇಕಾ?' ಅಂದಳು. ಉಪ್ಪು ಇದೆ, ಕಂಬಳಿ ತನ್ನಿ, ಮೊದಲು ಅಪ್ಪ ಅಮ್ಮನ ಹತ್ತಿರ ಮಾತಾಡಿಸು ಅಂದೆ. ಫೋನ್ ಇಡುವ ಮೊದಲು ಒಂದು ಕೂ ಹಾಕಿದಳು. ಅಷ್ಟು ಚೆನ್ನಾಗಿರಲಿಲ್ಲ. ನಾನೂ ತಿರುಗಿ ಒಂದು ಕೊಟ್ಟೆ. ಕೊಟ್ಟಿಗೆಯಲ್ಲಿದ್ದ ದನ ಎದ್ದು ನಿಂತಿತು.

ಹೆಸರು ಹಾಕಬೇಡಿ, ಆ ಮಕ್ಕಳ ಮನೆಯವರಿಗೆ ಮುಜುಗರ ಆದೀತು.

ಇಂತಿ,
ನಿವೃತ್ತ ನರ್ಸಮ್ಮ
ಕರೂರು ಹೋಬಳಿ, ಸಾಗರ ತಾಲ್ಲೂಕು